ಹತ್ತು ದಿನ ಕಾಯ್ದ ಮಾಂಸ

ಆ ಹೆಣ್ಣು ಕರಡಿಯನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಕರಡಿಯ ಬಗ್ಗೆ ಕೆಟ್ಟ ಮಾತಾಡಬಾರದು, ಅದು ಎಲ್ಲಿದ್ದರೂ ಕೇಳಿಸಿಕೊಳ್ಳುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಕೇಳಿಸಿಕೊಳ್ಳಲಿ. ನನಗೂ ಅವಳಿಗೂ ನಡುವೆ ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ.

ನನ್ನ ಹೆಸರು ತಾಗುರ್ನಾಕ್. ಉತ್ತರದ ಹಿಮದ ನಾಡಿನ ನಮ್ಮ ಊರಿಗೆ ಬಿಳಿ ಕರಡಿಗಳು ನುಗ್ಗದಂತೆ ಕಾಯುವ ಕೆಲಸ ನನ್ನದು. ಹನ್ನೆರಡು ವರ್ಷದಿಂದ ಒಂದು ಬಂದೂಕು, ಒಂದು ಚೀಲ ಪಟಾಕಿ ತೋಟೆ, ಒಂದು ವಾಕಿಟಾಕಿ, ನಾಲ್ಕು ಗಾಲಿಯ ಬೈಕು ಇಷ್ಟನ್ನಿಟ್ಟುಕೊಂಡು ಬೇಸಿಗೆ ಮುಗಿದಾಗಿನಿಂದ ಸಮುದ್ರ ಹೆಪ್ಪುಗಟ್ಟುವವರೆಗೆ ಊರ ಸುತ್ತ ತಿರುಗುತ್ತಿದ್ದೆ. ಕರಡಿ ಬಂದರೆ ಪಟಾಕಿ ಹೊಡೆದು ಓಡಿಸಬೇಕು. ಮನುಷ್ಯರ ಜೀವಕ್ಕೆ ಬಂದರೆ ಮಾತ್ರ ಕೊಲ್ಲಬೇಕು. ಮರಿ ಇರುವ ತಾಯಿಯನ್ನಂತೂ ಬೇಟೆಯೆಂದು ಮುಟ್ಟಲೇಬಾರದು. ಈ ಕೊನೆಯ ಮಾತನ್ನು ಊರಿನ ಗಂಡಸರ ಮುಖಕ್ಕೆ ಹೊಡೆದ ಹಾಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕರಡಿಗಳು ಬಂದೂಕಿಗಲ್ಲ, ನಮ್ಮ ಅತ್ತಿಗೆಯ ಬಾಯಿಗೆ ಹೆದರಿ ಓಡುತ್ತವೆ ಎಂದು ನನ್ನ ಮೈದುನ ಉಯಾರಾಕ್ ಅಂಗಡಿಯ ಮುಂದೆ ನಿಂತು ಎಲ್ಲರನ್ನೂ ನಗಿಸುತ್ತಿದ್ದ. ನಾನು ಸೊಸೆಯಾಗಿ ಬಂದಾಗ ಅವನಿಗೆ ಒಂಬತ್ತು ವರ್ಷ, ಮೂಗು ಸೋರುತ್ತಿತ್ತು, ಒರೆಸಿದವಳು ನಾನು. ನನ್ನ ಗಂಡ ಹೋದ ಮೇಲೆ ಬೇಟೆಗೆ ನನ್ನ ಜೊತೆ ಬರುವವನೂ ಅವನೊಬ್ಬನೇ. ಹಾಗೆಂದು ನಮ್ಮಿಬ್ಬರಿಗೆ ಒಂದು ದಿನವೂ ಸರಿಹೋದದ್ದಿಲ್ಲ.

ಆ ವರ್ಷ ನವೆಂಬರ್ ಮುಗಿಯುತ್ತ ಬಂದರೂ ಸಮುದ್ರ ಹೆಪ್ಪುಗಟ್ಟಲಿಲ್ಲ. ನಾನು ಹುಡುಗಿಯಾಗಿದ್ದಾಗ ಇಷ್ಟು ಹೊತ್ತಿಗೆ ಕೊಲ್ಲಿಯ ಮೇಲೆ ನಾಯಿಬಂಡಿ ಓಡಾಡಿ ದಾರಿ ಸವೆದಿರುತ್ತಿತ್ತು. ಈಗ ನೋಡಿದರೆ ಕಪ್ಪು ನೀರು. ಸಂಜೆ ಅದರ ಮೇಲೆ ಗಂಜಿಯ ಕೆನೆಯ ಹಾಗೆ ಏನೋ ಒಂದು ಕಟ್ಟುವುದು, ಬೆಳಗ್ಗೆ ಗಾಳಿ ಬೀಸಿದರೆ ಒಡೆದು ಹೋಗುವುದು. ಮಂಜುಗಡ್ಡೆ ಇಲ್ಲದಿದ್ದರೆ ಕರಡಿಗೆ ಸೀಲ್ ಸಿಗುವುದಿಲ್ಲ. ಜುಲೈನಲ್ಲಿ ದಡ ಹತ್ತಿದ ಕರಡಿಗಳು ಅಂದಿನಿಂದ ಉಪವಾಸವಿದ್ದವು. ಎಲ್ಲಿ ನೋಡಿದರೂ ಅವೇ, ಕಸದ ಗುಂಡಿಯ ಹತ್ತಿರ, ವಿಮಾನದ ಪಟ್ಟಿಯ ಹತ್ತಿರ, ಗೋರಿಗಳ ಹತ್ತಿರ. ನನಗೆ ನಿದ್ದೆಯಿರಲಿಲ್ಲ, ಊರಿನ ನಾಯಿಗಳಿಗೂ ಇರಲಿಲ್ಲ.

ಇದರ ನಡುವೆ ನನ್ನ ಮಗಳು ಲೀತಿಯಾ ತುಂಬು ಬಸುರಿ. ಹಿಂದೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಈ ಸಲ ಉಳಿದಿತ್ತು. ಅಳಿಯ ಗಣಿ ಕೆಲಸಕ್ಕೆ ಹೋದವನು ಬರಲು ಇನ್ನೂ ಎರಡು ವಾರವಿತ್ತು. ನಮ್ಮಲ್ಲಿ ಹೆರಿಗೆ ಊರಿನಲ್ಲಿ ಆಗುವುದಿಲ್ಲ, ದಿನ ಹತ್ತಿರ ಬರುತ್ತಲೇ ವಿಮಾನ ಹತ್ತಿಸಿ ಇಕಾಲುಯಿತ್‌ನ ಆಸ್ಪತ್ರೆಗೆ ಕಳಿಸಿಬಿಡುತ್ತಾರೆ. ಅವಳ ವಿಮಾನ ಮುಂದಿನ ವಾರದ ಗುರುವಾರ ಮೂರು ಗಂಟೆಗೆ. ತಿಂದದ್ದೆಲ್ಲ ಕಕ್ಕುತ್ತಿದ್ದಳು. ಸೀಲ್ ಸಾರು ಬೇಡ, ಮೀನು ಬೇಡ, ಬ್ಯಾನಕ್ ರೊಟ್ಟಿ ಬೇಡ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಒಂದು ದಿನ ಗೋಡೆಗೆ ಒರಗಿ ಕುಳಿತವಳು, "ಅಮ್ಮಾ, ನುವುಕ್‌ನಲ್ಲಿ ಹೂತಿರೋ ಇಗುನಾಕ್ ಒಂದು ಚೂರು ತಿಂದ್ರೆ ಹೊಟ್ಟೇಲಿ ನಿಲ್ಲುತ್ತೆ ಅನ್ಸುತ್ತೆ" ಎಂದಳು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಕೊಡದಿದ್ದರೆ ನಾನೆಂಥ ತಾಯಿ? ತಂದೇ ತರುತ್ತೇನೆ ಎಂದುಬಿಟ್ಟೆ.

ಆಗಸ್ಟಿನಲ್ಲಿ ನಾನೂ ಉಯಾರಾಕನೂ ಒಂದು ವಾಲ್ರಸ್ ಹೊಡೆದು, ಮಾಂಸವನ್ನು ಕೊಬ್ಬಿನ ಸಮೇತ ಅದರದೇ ತೊಗಲಿನಲ್ಲಿ ಹೊಲಿದು ಎರಡು ಗಂಟು ಕಟ್ಟಿ, ಸಮುದ್ರದೊಳಕ್ಕೆ ಚಾಚಿರುವ ನುವುಕ್ ದಿಣ್ಣೆಯ ಬುಡದಲ್ಲಿ ಜಲ್ಲಿಯಡಿ ಹೂತು ಮೇಲೆ ಬಂಡೆ ಹೇರಿದ್ದೆವು. ಹೀಗೆ ಹೂತದ್ದು ನೆಲದ ತಂಪಿನಲ್ಲಿ ನಿಧಾನವಾಗಿ ಹುಳಿತು, ಚಳಿಗಾಲ ಬಿದ್ದ ಮೇಲೆ ಕಲ್ಲಿನಂತೆ ಗಟ್ಟಿಯಾಗಿ, ಇಗುನಾಕ್ ಆಗುತ್ತದೆ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ನಮಗೆ ಅದಕ್ಕಿಂತ ದೊಡ್ಡ ಊಟವಿಲ್ಲ. ನನ್ನ ಮಾವ ಅಲ್ಲೇ ಹೂಳುತ್ತಿದ್ದ, ಅವನಪ್ಪನೂ ಅಲ್ಲೇ. ಒಂದು ಮೊಳ ಅಗೆದರೆ ಸಾಕು, ಅದರ ಕೆಳಗೆ ಬೇಸಿಗೆಯಲ್ಲೂ ಕರಗದ ನೆಲ. ನಾವೂ ಒಂದು ಮೊಳವೇ ಅಗೆದೆವು. ಆ ಸಲ ಗುದ್ದಲಿಗೆ ಕೆಳಗಿನ ಗಟ್ಟಿ ನೆಲ ತಾಗಲೇ ಇಲ್ಲ. ಉಯಾರಾಕ್ ಅದನ್ನು ಗಮನಿಸಿದ್ದನಂತೆ. ಆಗಲೇ ಯಾಕೋ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ಕೇಳುತ್ತಿದ್ದೆಯಾ ಎನ್ನುತ್ತಾನೆ.

ಮಗಳು ಕೇಳಿದ ಮರುದಿನ ನಾವಿಬ್ಬರೂ ನುವುಕ್‌ಗೆ ಹೋದೆವು. ಊರಿನಿಂದ ಬೈಕಿನಲ್ಲಿ ಮುಕ್ಕಾಲು ಗಂಟೆ. ಹೋಗಿ ನೋಡಿದರೆ ಹೂತ ಜಾಗದ ಮೇಲೆ ಅವಳು ಕುಳಿತಿದ್ದಾಳೆ. ಪಕ್ಕದಲ್ಲಿ ಎರಡು ಮರಿ, ಹನ್ನೊಂದು ತಿಂಗಳವು, ದೊಡ್ಡ ನಾಯಿಯಷ್ಟು ಎತ್ತರ, ಆದರೆ ಪಕ್ಕೆಲುಬು ಎಣಿಸಬಹುದು. ಒಂದು ಬಂಡೆಯನ್ನು ಆಗಲೇ ಉರುಳಿಸಿದ್ದಳು.

"ಅತ್ತಿಗೆ, ನಿನ್ನ ಗೆಳತಿ ಬಂದಿದಾಳೆ ನೋಡು, ಮಕ್ಕಳನ್ನೂ ಕರ್ಕೊಂಡು" ಎಂದ ಉಯಾರಾಕ್.

ನಾನು ಪಟಾಕಿ ಹೊಡೆದೆ. ಅವಳು ಎದ್ದು ಮರಿಗಳನ್ನು ಮುಂದೆ ಬಿಟ್ಟುಕೊಂಡು ಇನ್ನೂರು ಹೆಜ್ಜೆ ದೂರ ಹೋಗಿ, ಅಲ್ಲಿಂದ ತಿರುಗಿ ಕುಳಿತಳು.

"ಇದು ಹೋಗಲ್ಲ. ಹೊಟ್ಟೆಗಿಲ್ಲದ್ದು. ಇವತ್ತು ಮಾಂಸ ಅಂತ ಬಂದಿದೆ, ನಾಳೆ ಮನೆ ಬಾಗ್ಲಿಗೆ ಬರುತ್ತೆ. ಕೊಂದ್ಬಿಡೋಣ."

"ಬಾಯ್ಮುಚ್ಚು. ಮರಿ ಇದಾವೆ, ಕಣ್ಣು ಕಾಣ್ಸಲ್ವಾ?"

"ಸರಿ, ಕೊಲ್ಲೋದು ಬೇಡ. ಹಾಗಾದ್ರೆ ಮಾಂಸ ಅವಳಿಗೇ ಬಿಟ್ಬಿಡು. ತಿಂದ್ಕೊಂಡು ತನ್ನ ಪಾಡಿಗೆ ಇರ್ಲಿ. ಅತ್ತಿಗೆ, ನಿಜ ಹೇಳ್ತೀನಿ, ನೆಲ ಮೆತ್ತಗಿದೆ. ನಂಗೆ ಈ ಸಲದ ಮಾಂಸದ ಮೇಲೆ ನಂಬಿಕೆ ಇಲ್ಲ."

"ನಂಬಿಕೆ ಇಲ್ದಿದ್ರೆ ನೀನು ತಿನ್ಬೇಡ. ನನ್ನ ಮಗಳಿಗೆ ಬೇಕು. ನಿನ್ನ ಹೆಂಡ್ತಿಗೆ ಪಾಲು ಕಮ್ಮಿ ಆಗುತ್ತೆ ಅಂತ ಹೊಟ್ಟೆಕಿಚ್ಚಾ?"

ಅವನು ಬೈಕಿನ ಮೇಲಿಂದ ಉಗುಳಿದ. "ಕೊಲ್ಲೋಕೂ ಬಿಡಲ್ಲ, ತಿನ್ನೋಕೂ ಬಿಡಲ್ಲ. ಮತ್ತೆ ಅವಳೇನು ಗಾಳಿ ಕುಡ್ಕೊಂಡಿರ್ಬೇಕಾ?"

"ಕುಡೀಲಿ. ನಂಗೇನಾಗ್ಬೇಕು?"

ಅವನು ತನ್ನ ಗಾಡಿ ತಿರುಗಿಸಿಕೊಂಡು ಹೋದ. ಅಂದೇ ಅಗೆದು ಒಯ್ಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮುಟ್ಟಿ ನೋಡಿದೆ, ಗಂಟು ಇನ್ನೂ ಮೆದುವಾಗಿತ್ತು. ಇಗುನಾಕ್ ನೆಲದಲ್ಲೇ ಗಟ್ಟಿಯಾಗಬೇಕು, ಅದಕ್ಕೆ ಮೊದಲು ತೆಗೆಯಬಾರದು ಎಂಬುದು ಗೊತ್ತಿದ್ದೇ ನಾನು ಕಾಯುವುದಕ್ಕೆ ನಿಂತೆ. ವಿಮಾನಕ್ಕೆ ಇನ್ನೂ ಹತ್ತು ದಿನವಿದೆ, ಹತ್ತು ದಿನದಲ್ಲಿ ಚಳಿ ಬೀಳದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಕ್ಯಾನ್ವಾಸ್ ಗುಡಾರ ಹಾಕಿ, ಒಲೆಯಿಟ್ಟು, ಮಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಒಂದು ಹೊತ್ತು ಊರು ಒಂದು ಹೊತ್ತು ನುವುಕ್ ಎಂದು ಓಡಾಡಿದೆ.

ಆ ಹತ್ತು ದಿನ ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತೆವು. ಥೂ, ಎಂಥ ಹಟ ಅದರದ್ದು! ನಾನು ಚಹಾ ಕಾಯಿಸಲು ಬಗ್ಗಿದರೆ ಐವತ್ತು ಹೆಜ್ಜೆ ಹತ್ತಿರ ಬಂದಿರುತ್ತಿದ್ದಳು. ಪಟಾಕಿ ಹೊಡೆದರೆ ಹಿಂದೆ ಸರಿಯುತ್ತಿದ್ದಳು. ಮೊದಲ ದಿನ ಇನ್ನೂರು ಹೆಜ್ಜೆ, ಮೂರನೆಯ ದಿನ ನೂರು, ಏಳನೆಯ ದಿನ ಮೂವತ್ತು. ನಾನು ಊರಿಗೆ ಹೋದಾಗ ಬಂಡೆಗಳನ್ನು ಕೆದಕುತ್ತಿದ್ದಳು, ನಾನು ಬಂದು ಇನ್ನೂ ದೊಡ್ಡ ಬಂಡೆ ಹೇರುತ್ತಿದ್ದೆ, ಮೇಲೆ ಹಳೆಯ ಬೈಕೊಂದರ ಕಬ್ಬಿಣದ ಚೌಕಟ್ಟನ್ನೂ ಹಾಕಿದೆ. ಹಗಲಿಡೀ ಅವಳು ತೆರೆ ತಂದೆಸೆದ ಪಾಚಿಯನ್ನು ಕಾಲಿನಿಂದ ಎಳೆದು ಮರಿಗಳ ಮುಂದೆ ಹಾಕುವುದು, ಅವು ಮೂಸಿ ಬಿಟ್ಟುಬಿಡುವುದು. ಆಮೇಲೆ ಅವಳು ಕುಂಡೆಯೂರಿ ಹಿಂದಕ್ಕೆ ಒರಗಿ ಕುಳಿತರೆ ಎರಡೂ ಎದೆ ಹತ್ತಿ ಹಾಲಿಗೆ ಬಾಯಿ ಹಾಕುವುದು. ನಿನ್ನ ಹೊಟ್ಟೆಗೇ ಇಲ್ಲ, ಇನ್ನೂ ಎಷ್ಟು ದಿನ ಕುಡಿಸುತ್ತೀಯೇ ಮೂಳಿ ಎಂದು ನಾನು ಕೂಗುತ್ತಿದ್ದೆ. ಗಾಳಿಯಲ್ಲಿ ನನ್ನ ದನಿ ಕೇಳಿ ಅವಳು ತಲೆಯೆತ್ತುತ್ತಿದ್ದಳು.

ಐದನೆಯ ದಿನ ಒಂದು ದೊಡ್ಡ ಗಂಡು ಬಂತು. ಹಸಿದ ಗಂಡಿಗೆ ಮರಿ ಎಂದರೆ ಮಾಂಸ ಅಷ್ಟೇ. ದಡದ ಆ ತುದಿಯಿಂದ ತಲೆ ತಗ್ಗಿಸಿ ಬರುತ್ತಿದ್ದ ಅದನ್ನು ಅವಳು ನನಗಿಂತ ಮೊದಲೇ ಮೂಸಿ ತಿಳಿದಿದ್ದಳು. ಮರಿಗಳನ್ನು ಬಂಡೆಯ ಸಂದಿಗೆ ತಳ್ಳಿ ತಾನು ಮುಂದೆ ನಿಂತಳು. ಅದು ಅವಳ ಎರಡರಷ್ಟಿತ್ತು. ನನಗೆ ಬೇಕಾದದ್ದು ಎರಡೂ ತೊಲಗುವುದು, ಅದಕ್ಕೆ ನಡುವೆ ಒಂದು ಪಟಾಕಿ ಹಾರಿಸಿದೆ. ಸದ್ದಿಗೆ ಅವಳು ಅರೆಗಳಿಗೆ ನನ್ನತ್ತ ತಿರುಗಿದಳು. ಅಷ್ಟರಲ್ಲಿ ಗಂಡು ಸಂದಿಗೆ ನುಗ್ಗಿ ಒಂದು ಮರಿಯ ಹಿಂಗಾಲು ಹಿಡಿದಿತ್ತು. ಆಮೇಲೆ ಅವಳು ಅದರ ಕತ್ತಿಗೆ ಬಿದ್ದಳು ನೋಡಿ, ಅಬ್ಬಾ, ನಾನು ಹುಟ್ಟಿದಾರಭ್ಯ ಅಂಥದ್ದು ಕಂಡಿಲ್ಲ! ಗಂಡು ಕಿವಿ ಹರಿಸಿಕೊಂಡು ಓಡಿಹೋಯಿತು. ಮರಿ ಉಳಿಯಿತು, ಕುಂಟಾಯಿತು. ಅವಳು ಅದರ ಕಾಲನ್ನು ಕತ್ತಲಾಗುವವರೆಗೆ ನೆಕ್ಕುತ್ತ ಕುಳಿತಳು, ನಡುನಡುವೆ ನನ್ನನ್ನು ನೋಡುತ್ತಿದ್ದಳು. ನನಗೆ ಒಳಗೊಳಗೇ ತಪ್ಪಿತಸ್ಥಳ ಹಾಗೆ ಅನ್ನಿಸಿತು. ಅನ್ನಿಸಿದ್ದಕ್ಕೇ ಅವಳ ಮೇಲೆ ಇನ್ನೂ ಸಿಟ್ಟು ಬಂತು.

ಬುಧವಾರ ಬಂತು. ಚಳಿ ಬೀಳಲಿಲ್ಲ, ಬಿದ್ದದ್ದು ಒಂದಿಷ್ಟು ಹಸಿ ಹಿಮ. ವಿಮಾನ ಮರುದಿನ. ಇನ್ನು ಕಾದರೆ ಮಗಳು ಬರಿಗೈಯಲ್ಲಿ ಹೋಗುತ್ತಾಳೆ. ಮಧ್ಯಾಹ್ನ ಬಂಡೆ ಸರಿಸಿ ಒಂದು ಗಂಟು ಎಳೆದೆ. ಮೇಲ್ಪದರ ಗಟ್ಟಿಯಾದ ಹಾಗಿತ್ತು, ಒಳಗೆ ಇನ್ನೂ ಮೆದು. ವಾಸನೆ ಎಂದಿನ ವಾಸನೆಯೇ ಎಂದುಕೊಂಡೆ. ಎಂದಿನದಲ್ಲ ಎಂದು ಮೂಗಿನ ಯಾವುದೋ ಮೂಲೆಯಲ್ಲಿ ಗೊತ್ತಾಗಿದ್ದಿರಬೇಕು, ಆದರೆ ಹತ್ತು ದಿನ ಕಾಯ್ದವಳಿಗೆ ಅದು ಬೇಕಿರಲಿಲ್ಲ. ಉಲು ಕತ್ತಿಯಿಂದ ಒಂದು ತುಂಡು ಕೊಯ್ದು ಅಲ್ಲೇ ನಿಂತು ತಿಂದೆ. ಅವಳು ನೋಡುತ್ತಿದ್ದಳು. ಬೇಕೆಂದೇ ಅವಳಿಗೆ ಕಾಣುವ ಹಾಗೆ ಬಾಯಿ ಚಪ್ಪರಿಸಿದೆ. ಇನ್ನೊಂದು ತುಂಡನ್ನೂ ತಿಂದೆ.

ಮನೆಗೆ ತಂದು, ತೆಳ್ಳಗೆ ಸೀಳಿ, ಹೊರಗೆ ಬಂಡಿಯ ಹಲಗೆಯ ಮೇಲೆ ಹರಡಿದೆ. ಇಗುನಾಕನ್ನು ಗಟ್ಟಿಯಾಗದೆ ತಿನ್ನುವುದಿಲ್ಲ, ರಾತ್ರಿಯ ಗಾಳಿಗೆ ಸೀಳು ಮಾಂಸ ಕಲ್ಲಾಗುತ್ತದೆ. ಲೀತಿಯಾ ಹೊಸಿಲಲ್ಲಿ ನಿಂತು ಗಾಳಿಯಲ್ಲಿ ಮೂಗೆತ್ತಿದಳು. ತಿಂಗಳಿಂದ ನಗದವಳು ನಕ್ಕಳು.

"ಒಂದೇ ಚೂರು ಕೊಡಮ್ಮ."

"ನಾಳೆ. ಬಂದೋರೆಲ್ಲ ಸೇರಿ ತಿನ್ನೋಣ. ಹನ್ನೊಂದಕ್ಕೆಲ್ಲ ಗಟ್ಟಿ ಆಗಿರುತ್ತೆ, ನಾನು ಬರೋದು ತಡ ಆದ್ರೆ ಕಾಯ್ಬೇಡ, ನೀನು ಮೊದ್ಲು ತಿನ್ನು."

ಊರಿನ ರೇಡಿಯೋ ಕೇಂದ್ರಕ್ಕೆ ಹೋಗಿ ನಾನೇ ಕೂಗಿ ಹೇಳಿದೆ. ನಾಳೆ ತಾಗುರ್ನಾಕಳ ಮನೆಯಲ್ಲಿ ಇಗುನಾಕ್, ಎಲ್ಲರೂ ಬನ್ನಿ, ನಂಬಿಕೆ ಇಲ್ಲದವರು ತಮ್ಮ ಮನೆಯಲ್ಲಿ ಬಿಸ್ಕತ್ತು ತಿಂದುಕೊಂಡಿರಲಿ. ಊರೆಲ್ಲ ನಕ್ಕಿತು. ಆ ಮಾತು ಯಾರಿಗೆಂದು ಎಲ್ಲರಿಗೂ ಗೊತ್ತು.

ಗುರುವಾರ ಬೆಳಗ್ಗೆ ಎದ್ದಾಗ ಬಾಯಿ ಒಣಗಿತ್ತು. ನೀರು ಕುಡಿದರೂ ಒಣಗಿತ್ತು. ಹತ್ತು ದಿನದ ಆಯಾಸ ಎಂದುಕೊಂಡು ಬೈಕು ಹತ್ತಿದೆ. ಎರಡನೆಯ ಗಂಟನ್ನೂ ತಂದು ಉಯಾರಾಕನ ಮೂಗಿನ ಕೆಳಗೆ ಇಡಬೇಕು, ಎರಡೂ ಗಂಟು ಉಳಿಸಿದೆ ಎಂದು ತೋರಿಸಬೇಕು ಎಂಬುದಿಷ್ಟೇ ತಲೆಯಲ್ಲಿತ್ತು. ಬೇರೆ ಯಾವ ಅವಸರವೂ ಇರಲಿಲ್ಲ.

ನುವುಕ್ ತಲುಪಿದಾಗ ಹತ್ತೂವರೆ. ಅವಳು ಗುಂಡಿ ಬಗೆದು ಎರಡನೆಯ ಗಂಟನ್ನು ಹರಿದಿದ್ದಳು. ತಾನು ತಿನ್ನದೆ ಎಳೆದು ಎಳೆದು ಮರಿಗಳ ಮುಂದೆ ಹಾಕುತ್ತಿದ್ದಳು. ಮರಿಗಳನ್ನು ನೋಡಿದೆ. ನಾಲ್ಕಿದ್ದವು.

ಬೇರೆ ಯಾವುದೋ ತಾಯಿಯ ಮರಿಗಳೂ ಸೇರಿಕೊಂಡಿವೆ ಎಂದುಕೊಂಡೆ. ಆದರೆ ಎರಡು ಮರಿ ಕುಂಟುತ್ತಿದ್ದವು. ಎರಡಕ್ಕೂ ಅದೇ ಕಾಲು. ಒಂದು ಕಣ್ಣು ಮುಚ್ಚಿದೆ. ಎರಡು ಮರಿ, ಒಂದು ಕುಂಟು. ತೆರೆದೆ. ನಾಲ್ಕು.

ನಮ್ಮಲ್ಲಿ ಇದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಕೆಟ್ಟ ಇಗುನಾಕ್ ತಿಂದವರಿಗೆ ಮೊದಲು ಬಾಯಿ ಒಣಗುತ್ತದೆ, ಆಮೇಲೆ ಒಂದು ಎರಡಾಗಿ ಕಾಣುತ್ತದೆ, ಆಮೇಲೆ ನಾಲಿಗೆ, ಆಮೇಲೆ ರೆಪ್ಪೆ, ಆಮೇಲೆ ಉಸಿರು. ನನ್ನ ಗಂಡನ ಅಕ್ಕ ಹಾಗೇ ಹೋದಳು, ಅವಳ ಜೊತೆ ಮೂವರು. ನನ್ನ ಜೀವದ ಯೋಚನೆ ಬರಲಿಲ್ಲ ಎಂದರೆ ನಂಬಿ. ಹನ್ನೊಂದಕ್ಕೆ ಗಟ್ಟಿಯಾಗಿರುತ್ತೆ, ಕಾಯ್ಬೇಡ, ನೀನು ಮೊದ್ಲು ತಿನ್ನು. ನನ್ನ ಬಾಯಿಂದಲೇ ಹೇಳಿ ಬಂದಿದ್ದೆ, ನನ್ನ ಪಾಪಿ ಬಾಯಿಂದ.

ವಾಕಿಟಾಕಿ ಒತ್ತಿದೆ. ಬರೀ ಗರಗರ. ದಡದಲ್ಲಿ ನಿಂತರೆ ಊರು ಸಿಗುವುದಿಲ್ಲ, ದಿಣ್ಣೆಯ ಮೇಲೆ ಹತ್ತಬೇಕು. ದಿಣ್ಣೆ ಎಂಬತ್ತು ಹೆಜ್ಜೆ. ಹತ್ತಲು ಇರುವ ದಾರಿ ಒಂದೇ, ಅದು ಆ ಗುಂಡಿಯ ಪಕ್ಕದಲ್ಲೇ, ಗುಂಡಿಯ ಮುಂದೆ ಅವಳು. ಬೈಕಿನಲ್ಲಿ ಹಿಂದಿರುಗಿದರೆ ಮುಕ್ಕಾಲು ಗಂಟೆ. ಒಂದು ದಾರಿ ಎರಡಾಗಿ ಕಾಣುವವಳಿಗೆ ಅದು ಎಷ್ಟಾಗುತ್ತದೋ. ಅಷ್ಟರಲ್ಲಿ ಹನ್ನೊಂದು ದಾಟಿಹೋಗಿರುತ್ತದೆ.

ಪಟಾಕಿ ಹೊಡೆದೆ. ಅವಳು ತಲೆಯನ್ನೂ ಎತ್ತಲಿಲ್ಲ. ಇನ್ನೊಂದು ಹೊಡೆದೆ. ಸದ್ದು ಏನೂ ಮಾಡುವುದಿಲ್ಲ ಎಂದು ಹತ್ತು ದಿನದಲ್ಲಿ ನಾನೇ ಅವಳಿಗೆ ಕಲಿಸಿದ್ದೆ. "ಹೋಗೇ, ಹೋಗೇ ತಾಯಿ, ತಿನ್ನು, ಎಲ್ಲಾ ನೀನೇ ತಿನ್ನು, ಆ ಕಡೆ ಎಳ್ಕೊಂಡು ಹೋಗಿ ತಿನ್ನು" ಎಂದು ಕೂಗಿದೆ. ನಾಲಿಗೆ ಆಗಲೇ ದಪ್ಪವಾಗಿತ್ತು, ನನ್ನ ಮಾತು ನನಗೇ ಬೇರೆ ಯಾರದೋ ಅನ್ನಿಸಿತು. ಮುಂದೆ ಹೆಜ್ಜೆಯಿಟ್ಟೆ. ಈಗ ಅವಳು ಎದ್ದಳು. ಮರಿಗಳಿಗೂ ನನಗೂ ನಡುವೆ ಬಂದು ನಿಂತು ಕಿವಿ ಹಿಂದಕ್ಕೆ ಮಲಗಿಸಿ ಬುಸುಗುಟ್ಟಿದಳು. ಗಂಡು ಕರಡಿಯ ಮುಂದೆ ನಿಂತಿದ್ದಳಲ್ಲ, ಥೇಟ್ ಹಾಗೆಯೇ. ಇಬ್ಬರಿದ್ದರು, ಒಬ್ಬಳ ಪಕ್ಕ ಒಬ್ಬಳು.

ಒಂದು ಕಣ್ಣು ಮುಚ್ಚಿದೆ. ಒಬ್ಬಳೇ ಆದಳು. ಎದೆಗೆ ಗುರಿಯಿಟ್ಟು ಹೊಡೆದೆ.

ಮರಿಗಳು ಓಡಿದವು. ನಾನು ಅವಳನ್ನು ದಾಟಿ ದಿಣ್ಣೆ ಹತ್ತಿದೆ. ಕೊನೆಯ ಇಪ್ಪತ್ತು ಹೆಜ್ಜೆ ಕೈಯೂರಿ ಹತ್ತಿದೆ, ಕಾಲು ನನ್ನ ಮಾತು ಕೇಳುತ್ತಿರಲಿಲ್ಲ.

"ಉಯಾರಾಕ್! ಮಾಂಸ ತಿನ್ಬೇಡಿ! ಲೀತಿಯಾ ತಿನ್ಬಾರ್ದು!"

"ಯಾರದು? ಅತ್ತಿಗೇನಾ? ಏನು, ಬಾಯಲ್ಲಿ ಏನು ತುಂಬ್ಕೊಂಡಿದ್ದೀಯ? ಒಂದಕ್ಷರ ತಿಳೀತಿಲ್ಲ."

"ಮಾಂಸ... ಕೆಟ್ಟಿದೆ..."

"ಏನು ಕಟ್ಟಿದೆ? ನಿನ್ನೆ ರೇಡಿಯೋದಲ್ಲಿ ಚೆನ್ನಾಗೇ ಮಾತಾಡಿದ್ಯಲ್ಲ, ಬಿಸ್ಕತ್ತು ತಿನ್ನು ಅಂತ. ತಿಂತಾ ಇದೀನಿ."

ಯಾರೋ ಹಿಂದೆ ನಗುವುದು ಕೇಳಿಸಿತು. ಅಳು ಬಂತು. ಸಿಟ್ಟಿಗೆ ಬಂತೋ ಭಯಕ್ಕೆ ಬಂತೋ ತಿಳಿಯದು. ನಾಲಿಗೆಗೆ ಉದ್ದ ಮಾತು ಆಗುವುದಿಲ್ಲ, ಒಂದೇ ಮಾತು ಸರಿಯಾಗಿ ಹೇಳಬೇಕು ಎಂದು ಉಸಿರು ಹಿಡಿದು ಹೇಳಿದೆ.

"ನಾಲ್ಕು ಮರಿ."

"ಏನಂದೆ?"

"ಅವಳಿಗೆ. ನಾಲ್ಕು ಮರಿ. ಕಾಣ್ತಿವೆ."

ಅತ್ತ ಕಡೆ ನಗು ನಿಂತಿತು. ಅವನು ಅವಳ ಮರಿಗಳನ್ನು ಕಣ್ಣಾರೆ ಕಂಡವನು. "ಅತ್ತಿಗೆ, ನೀನು ತಿಂದಿದ್ದೀಯಾ?" ಎಂದ, ಒಂಬತ್ತು ವರ್ಷದ ಹುಡುಗನ ದನಿಯಲ್ಲಿ. ಆಮೇಲೆ ಕುರ್ಚಿ ಬಿದ್ದ ಸದ್ದು, ಬಾಗಿಲ ಸದ್ದು.

ಅವನು ನಮ್ಮ ಮನೆಗೆ ನುಗ್ಗಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತಂತೆ. ಲೀತಿಯಾ ನೆಲದ ಮೇಲೆ ರಟ್ಟು ಹಾಸಿ, ಹೆಪ್ಪುಗಟ್ಟಿದ ಒಂದು ಸೀಳನ್ನು ಕೈಯಲ್ಲಿ ಹಿಡಿದಿದ್ದಳಂತೆ. ಅವಳೂ ಬಂದವರೂ ಇನ್ನೂ ಬಾಯಿಗಿಟ್ಟಿರಲಿಲ್ಲ. ಅವನು ಬಂದವನೇ ಬಸುರಿಯ ಕೈ ಮೇಲೆ ಹೊಡೆದ. ಅವಳು ಅಳುತ್ತ ಬೈದಳು, ಬಂದವರು ಅವನನ್ನು ಹಿಡಿದೆಳೆದರು, ನಿನ್ನೆ ಆಡಿದ ಮಾತಿಗೆ ಇವನು ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದರು. ಅವನು ಎಲ್ಲರನ್ನೂ ತಳ್ಳಿ ಬಂಡಿಯ ಮೇಲಿದ್ದ ಮಾಂಸಕ್ಕೆಲ್ಲ ಸೀಮೆಎಣ್ಣೆ ಸುರಿದು, ನರ್ಸಮ್ಮನಿಗೆ ಹೇಳಿ ಕಳಿಸಿ, ನುವುಕ್‌ನತ್ತ ಬೈಕು ಓಡಿಸಿದ.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವನು ಬರುವವರೆಗೆ ನಾನು ದಿಣ್ಣೆಯ ಮೇಲೆ ಬಿದ್ದಿದ್ದೆ. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ಕಿವಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಮಗಳು ತಿಂದಳೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ. ಸ್ವಲ್ಪ ಹೊತ್ತಿಗೆ ಕೆಳಗೆ ಜಲ್ಲಿಯ ಸದ್ದಾಯಿತು. ಮರಿಗಳು ಹಿಂದಿರುಗಿದ್ದವು. ಮೂಸಿದವು, ಕುಯ್ಯೆಂದವು, ಅವಳ ಸುತ್ತ ತಿರುಗಿದವು. ಆಮೇಲೆ ಗುಂಯ್ ಎಂಬ ಸದ್ದು ಶುರುವಾಯಿತು. ಕರಡಿ ಮರಿಗಳು ಹಾಲು ಕುಡಿಯುವಾಗ ಮಾತ್ರ ಮಾಡುವ ಸದ್ದು ಅದು. ಸತ್ತವಳ ಮೊಲೆಗೆ ಬಾಯಿ ಹಾಕಿದ್ದವು. ಕಿವಿ ಮುಚ್ಚಿಕೊಳ್ಳಲು ನನಗೆ ಕೈ ಏಳಲಿಲ್ಲ.

ಮೂರು ಗಂಟೆಯ ವಿಮಾನದಲ್ಲಿ ನಾವಿಬ್ಬರೂ ಹೋದೆವು, ಮಗಳು ಸೀಟಿನಲ್ಲಿ, ನಾನು ಸ್ಟ್ರೆಚರಿನಲ್ಲಿ. ಇಕಾಲುಯಿತ್‌ನಲ್ಲಿ ಮೂರು ವಾರ ಯಂತ್ರವೇ ನನ್ನ ಪರವಾಗಿ ಉಸಿರಾಡಿತು. ಅದೇ ಆಸ್ಪತ್ರೆಯಲ್ಲಿ ಲೀತಿಯಾಗೆ ಹೆಣ್ಣು ಮಗು ಹುಟ್ಟಿತು, ಗಟ್ಟಿಮುಟ್ಟಾಗಿ, ನನ್ನ ಹಾಗೆಯೇ ಬಾಯಿ ಮಾಡಿಕೊಂಡು. ಜನವರಿಯಲ್ಲಿ ಮೂವರೂ ಮನೆಗೆ ಬಂದೆವು.

ಬಂದ ಮರುದಿನ ಉಯಾರಾಕ್ ಬಂದ. ಒಳಗೆ ಬರಲಿಲ್ಲ, ಹೊರ ಅಂಕಣದಲ್ಲೇ ನಿಂತ. ಹೆಗಲ ಮೇಲೆ ಸುರುಳಿ ಸುತ್ತಿದ ಬಿಳಿ ತೊಗಲಿತ್ತು. ನಮ್ಮಲ್ಲಿ ಕರಡಿಯ ತೊಗಲು ಹೊಡೆದವರದ್ದು.

"ಮಾಂಸ ಊರಿಗೆ ಹಂಚಿದ್ವಿ. ನನ್ನ ಹೆಂಡ್ತಿ ತೊಗಲು ಕೆರೆದಿದಾಳೆ. ಸರ್ಕಾರ ಊರಿಗೆ ಕೊಡೋ ಬೇಟೆ ಲೆಕ್ಕದಿಂದ ಮೂರು ಕರಡೀನೂ ಕಳೆದ್ರು, ಮುಂದಿನ ವರ್ಷ ಹುಡುಗ್ರಿಗೆ ಬೇಟೆ ಕಮ್ಮಿ."

"ಮೂರಾ?"

ಅವನು ಹೊಸಿಲನ್ನು ನೋಡುತ್ತ ಹೇಳಿದ. "ಅವಳನ್ನ ಬಿಟ್ಟು ಹೋಗ್ಲಿಲ್ಲ ಅವು. ಎಷ್ಟು ಓಡ್ಸಿದ್ರೂ ಬಂದ್ವು. ಕುಂಟ ಮರಿ ಶುಕ್ರವಾರ ಸತ್ತಿತ್ತು. ಇನ್ನೊಂದನ್ನ ನಾನೇ... ಯಾರೂ ತಗೊಳ್ಳೋರಿರ್ಲಿಲ್ಲ, ಅತ್ತಿಗೆ. ಮೃಗಾಲಯದೋರಿಗೆಲ್ಲ ಫೋನ್ ಮಾಡಿ ಕೇಳ್ದೆ. ಯಾರೂ ಇರ್ಲಿಲ್ಲ."

ನಾನು ಅವನ ಹೆಗಲ ಮೇಲಿನ ತೊಗಲನ್ನು ನೋಡಿದೆ.

"ಆ ಭಾನುವಾರವೇ ಸಮುದ್ರ ಹೆಪ್ಪುಗಟ್ತು" ಎಂದ. "ಒಂದೇ ರಾತ್ರೀಲಿ. ಸೋಮವಾರ ಕರಡಿಗಳೆಲ್ಲ ಹೋದ್ವು."

ಅವನಿಗೆ ಬೈಯಬೇಕೆನ್ನಿಸಿತು. ಬೈಗುಳ ಒಂದೂ ಸಿಗಲಿಲ್ಲ. ಅವನೂ ನನ್ನನ್ನು ಹಂಗಿಸಬಹುದಿತ್ತು, ನಾನು ಹೇಳಿದ್ದೆನಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ತೊಗಲನ್ನು ಗೋಡೆಗೆ ಒರಗಿಸಿಟ್ಟ. ಹೊರಡುವ ಮುಂಚೆ ತಿರುಗಿದ.

"ಸೀಳಿದಾಗ ನೋಡ್ದೆ. ಮೈಮೇಲೆ ಒಂದು ಬೆರಳು ಕೊಬ್ಬಿರ್ಲಿಲ್ಲ, ಅತ್ತಿಗೆ. ಆದ್ರೂ ಮೊಲೇಲಿ ಹಾಲಿತ್ತು."

ಅವಳನ್ನು ಕೊಂದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮಗಳಿಗಾಗಿ ನಾಳೆಯೂ ಕೊಲ್ಲುತ್ತೇನೆ, ಅವಳು ನನ್ನ ಜಾಗದಲ್ಲಿದ್ದರೆ ಅವಳೂ ಅದನ್ನೇ ಮಾಡುತ್ತಿದ್ದಳು. ನನ್ನನ್ನು ಸುಡುತ್ತಿರುವುದು ಆ ಹತ್ತು ದಿನ. ಮನುಷ್ಯರು ಮುಟ್ಟಬಾರದ, ಅವಳು ಮಾತ್ರ ತಿಂದು ಅರಗಿಸಿಕೊಳ್ಳಬಹುದಾಗಿದ್ದ ಮಾಂಸವನ್ನು ನಾನು ಹತ್ತು ದಿನ ಅವಳಿಂದ ಕಾಯ್ದೆ. ಮೊದಲ ದಿನವೇ ಬಿಟ್ಟಿದ್ದರೆ ಅವಳು ಎರಡು ಹೊತ್ತಿನಲ್ಲಿ ಮುಗಿಸಿ ಹೋಗುತ್ತಿದ್ದಳು. ದಿಣ್ಣೆಯ ದಾರಿಯಲ್ಲಿ ಅವಳು ಇರುತ್ತಲೇ ಇರಲಿಲ್ಲ, ನನ್ನ ಮನೆಯ ಹಲಗೆಯ ಮೇಲೆ ವಿಷವೂ ಇರುತ್ತಿರಲಿಲ್ಲ.

"ಅಮ್ಮಾ, ಯಾರು ಬಂದಿದ್ದು?" ಎಂದು ಒಳಗಿನಿಂದ ಲೀತಿಯಾ ಕೇಳಿದಳು. ಮಗುವಿಗೆ ಹಾಲು ಕುಡಿಸುತ್ತಿದ್ದಳು.

"ಯಾರೂ ಇಲ್ಲ, ನೀನು ಕುಡ್ಸು" ಎಂದು ಹೇಳಿ ನಾನು ಹೊರಗೇ ನಿಂತೆ.